ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಮೌಂಟೇನ್ ಬೈಕ್‌ಗೆ ಶಿಮಾನೋ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದೆ. ತುರಹಳ್ಳಿ ಕಾಡಿನ ಇಳಿಜಾರಿನಲ್ಲಿ ಹಿಂದಿನ ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಎರಡು ಮೂರು ಸಲ ಒತ್ತಿದರೆ ಹಿಡಿಯುತ್ತದೆ. ಕಿರುಚಾಟ ಬೇರೆ. ಪ್ಯಾಡ್ ಬದಲಿಸಬೇಕಾ?
– ಓದುಗರು, ಬನಶಂಕರಿ

ಉತ್ತರ: ಸರಿಯಾಗುವವರೆಗೆ ದಯವಿಟ್ಟು ಇಳಿಜಾರಿಗೆ ಹೋಗಬೇಡಿ. ಮತ್ತೆ ಮತ್ತೆ ಒತ್ತಿದಾಗ ಗಟ್ಟಿಯಾಗುತ್ತದೆ ಅಂದರೆ ಪೈಪಿನೊಳಗೆ ಗಾಳಿ ಸೇರಿರುವ ಸಾಧ್ಯತೆಯೇ ಜಾಸ್ತಿ. ಎಣ್ಣೆ ಒತ್ತಡಕ್ಕೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ, ಹಾಗಾಗಿ ನಿಮ್ಮ ಬೆರಳಿನ ಬಲ ಪ್ಯಾಡಿಗೆ ತಲುಪುವ ಮೊದಲೇ ಆ ಗುಳ್ಳೆಯಲ್ಲಿ ಕಳೆದುಹೋಗುತ್ತದೆ. ಬ್ಲೀಡ್ ಮಾಡಿಸಿ, ಅಂದರೆ ಪೈಪಿನೊಳಗಿನ ಗಾಳಿ ಹೊರತೆಗೆಸಿ. ಶಿಮಾನೋಗೆ ಮಿನರಲ್ ಆಯಿಲ್ ಮಾತ್ರ! ಸ್ಕೂಟರ್‌ಗೆ ಹಾಕುವ ಡಾಟ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ.

ಪ್ಯಾಡ್ ಕೂಡ ನೋಡಿ. ಉಜ್ಜುವ ಪದರ 0.5 ಮಿ.ಮೀ.ಗೆ ಸವೆದಿದ್ದರೆ ಹೊಸದು ಹಾಕಿ. ಚಕ್ರ ಬಿಚ್ಚಿದಾಗ ಸುಮ್ನೆ ಕೂಡ ಲಿವರ್ ಒತ್ತಬೇಡಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಹೊರಗೆ ಬಂದು ಚಕ್ರ ವಾಪಸ್ ಕೂರುವುದಿಲ್ಲ. ಕಿರುಚಾಟಕ್ಕೆ ಎಷ್ಟೋ ಸಲ ಚೈನಿಗೆ ಹೊಡೆದ ಸ್ಪ್ರೇ ರೋಟರ್ (ಚಕ್ರದ ಜೊತೆ ತಿರುಗುವ ಡಿಸ್ಕ್) ಮೇಲೆ ಬಿದ್ದಿರುವುದೇ ಕಾರಣ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಎಣ್ಣೆ ಕುಡಿದ ಪ್ಯಾಡ್ ಮಾತ್ರ ಉಳಿಯುವುದಿಲ್ಲ, ಬದಲಿಸಿ. ಬ್ಲೀಡ್ ಆದ ಮೇಲೂ ಲಿವರ್ ಮೆತ್ತಗಾದರೆ ಎಲ್ಲೋ ಸೋರುತ್ತಿರಬಹುದು, ಪೈಪ್ ಸೇರುವ ಜಾಗ ಮತ್ತು ಪ್ಯಾಡ್ ಕೂರುವ ಕ್ಯಾಲಿಪರ್ ಸುತ್ತ ಜಿಡ್ಡು ಇದೆಯಾ ನೋಡಿ.