ಕೆಆರ್‌ಎಸ್ ತುಂಬಿದ್ದರೂ ನಲ್ಲಿ ನೀರಿಗೆ ನಿರ್ಬಂಧ ಯಾಕೆ?

ಓದುಗರ ಪತ್ರ: ನಾನಿರುವುದು ಬೆಂಗಳೂರಿನ ಜಯನಗರದಲ್ಲಿ. ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮೊನ್ನೆ ಮನೆ ಮುಂದಿನ ಹೊಂಗೆ ಗಿಡಕ್ಕೆ ಪೈಪ್ ಹಿಡಿದಿದ್ದೆ. ಐದು ಸಾವಿರ ದಂಡ ಬೀಳುತ್ತೆ ಎಂದು ಪಕ್ಕದ ಮನೆಯವರು ಹೆದರಿಸಿದರು. ಎದುರಿಗೇ ಕಟ್ಟುತ್ತಿರುವ ಕಟ್ಟಡದಲ್ಲಿ ಕ್ಯೂರಿಂಗ್‌ಗೆ ಇಡೀ ದಿನ ನೀರು ಹರಿಯುತ್ತದೆ, ಕೇಳುವವರಿಲ್ಲ. ಬರ ಇದ್ದಾಗ ನಿರ್ಬಂಧ ಹಾಕಿದರೆ ಒಪ್ಪೋಣ. ಕೆಆರ್‌ಎಸ್ ತುಂಬಿದ ಮೇಲೂ ಯಾಕೆ? ನಿಯಮ ನಮ್ಮಂಥವರಿಗೆ ಮಾತ್ರವೇ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಆ ನಿಯಮ ಬೇಕಿತ್ತು ಎಂದೇ ನನಗೆ ಅನಿಸುತ್ತದೆ.

ಮೊದಲು ಕೆಆರ್‌ಎಸ್ ವಿಷಯ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದ್ದವು. ಆಗ ನಗರಕ್ಕೆ ಕಾವೇರಿಯಿಂದ ಬರುತ್ತಿದ್ದದ್ದು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಅಷ್ಟನ್ನೂ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿಸಿ, ಸುಮಾರು 100 ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಬೇಕು. ಹಾಗಾಗಿ ಅಣೆಕಟ್ಟೆ ತುಂಬಿದ ಮಾತ್ರಕ್ಕೆ ನಿಮ್ಮ ನಲ್ಲಿಯಲ್ಲಿ ನೀರು ಜಾಸ್ತಿ ಬರುವುದಿಲ್ಲ. ಪಂಪು, ಪೈಪು ಎಷ್ಟು ಹೊರುತ್ತವೋ ಅಷ್ಟೇ.

ಕೊಳವೆ ಬಾವಿ ನಂಬಿದವರ ಕಥೆ ಬೇರೆ. 2024ರ ಜುಲೈ ಕೊನೆಗೆ ಕೆಆರ್‌ಎಸ್ ಭರ್ತಿಯಾಯಿತು, ನಿಜ. ಆದರೆ ಅದರಿಂದ ವೈಟ್‌ಫೀಲ್ಡ್‌ನಲ್ಲಿ ಸಾವಿರ ಅಡಿ ಕೆಳಗಿರುವ ನೀರು ಮೇಲೆ ಬರುತ್ತದೆಯೇ? ಅಲ್ಲಿ ಬೋರ್ ಕೈಕೊಟ್ಟ ದಿನದಿಂದಲೇ ಟ್ಯಾಂಕರ್ ಬರಬೇಕು, ಇಲ್ಲವೇ ಕಾವೇರಿ ಬರಬೇಕು. ನಗರಕ್ಕೆ ಸೇರಿಕೊಂಡ ಹೊರವಲಯದ 110 ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ಅದಕ್ಕಿದೆ. ಆದರೆ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಸಂಪರ್ಕವನ್ನೇ ತೆಗೆದುಕೊಂಡಿರಲಿಲ್ಲ. ಹೀಗಿರುವಾಗ 2025ರ ಫೆಬ್ರವರಿಯಲ್ಲಿ, ಬರ ಇಲ್ಲದ ವರ್ಷದಲ್ಲೂ, 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಆದೇಶವೇ ಮತ್ತೆ ಬಂತು: ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕಟ್ಟಲು, ಕಾರಂಜಿಗೆ ಕುಡಿಯುವ ನೀರು ಬಳಸಬಾರದು. ಮೊದಲ ಸಲ 5,000 ರೂಪಾಯಿ ದಂಡ. ಮತ್ತೆ ಸಿಕ್ಕಿಬಿದ್ದರೆ ಇನ್ನೂ 5,000, ಜೊತೆಗೆ ದಿನಕ್ಕೆ 500. ಪಕ್ಕದ ಮನೆಯವರು ಸುಮ್ನೆ ಹೆದರಿಸಿದ್ದಲ್ಲ. ಜಲಮಂಡಳಿಗೆ ಈ ಅಧಿಕಾರವನ್ನು 1964ರ ಕಾಯ್ದೆಯೇ ಕೊಟ್ಟಿದೆ.

ಇನ್ನೊಂದು ಮಾತು ಹೇಳಲೇಬೇಕು. 2024ರ ಬೇಸಿಗೆಯಲ್ಲಿ ನಿಮಗೆ ಕಾವೇರಿ ನೀರು ಮೊದಲ ಎಂಟು ಸಾವಿರ ಲೀಟರ್‌ವರೆಗೆ ಸಾವಿರ ಲೀಟರಿಗೆ 7 ರೂಪಾಯಿಗೆ ಸಿಗುತ್ತಿತ್ತು. ಟ್ಯಾಂಕರ್‌ನವರ ಸುಲಿಗೆ ತಡೆಯಲು ಜಿಲ್ಲಾಡಳಿತ ನಿಗದಿ ಮಾಡಿದ ದರವೇ, ಐದು ಕಿಲೋಮೀಟರ್ ಒಳಗೆ, 12 ಸಾವಿರ ಲೀಟರಿಗೆ 1,000 ರೂಪಾಯಿ. ಅಂದರೆ ಸಾವಿರ ಲೀಟರಿಗೆ 80ಕ್ಕೂ ಜಾಸ್ತಿ. ಊರಾಚೆ ಬಾಡಿಗೆ ಮನೆಯಲ್ಲಿರುವ ಕೂಲಿಯವರು ಹತ್ತು ಪಟ್ಟಿಗೂ ಹೆಚ್ಚು ಬೆಲೆ ಕೊಟ್ಟು ನೀರು ತರಿಸಿಕೊಳ್ಳುವಾಗ, ಹಳೇ ಬಡಾವಣೆಗಳಲ್ಲಿ ಕಾವೇರಿ ನೀರಲ್ಲಿ ಕಾರು ತೊಳೆಯುವುದು ನನಗೆ ಸಹಿಸಲಾಗದ ಸಂಗತಿ.

ಇಷ್ಟು ಹೇಳಿದ ಮೇಲೆ ನಿಮ್ಮ ಪರವಾಗಿಯೂ ಗಟ್ಟಿಯಾಗಿ ಹೇಳುತ್ತೇನೆ. ಜನರಿಗೆ ಕಡಿವಾಣ ಹಾಕುವವರು ಜನರಿಗೆ ಲೆಕ್ಕವನ್ನೂ ಕೊಡಬೇಕು. 2024ರ ಮಾರ್ಚ್‌ನಲ್ಲಿ 22 ಮನೆಯವರಿಂದ 1.1 ಲಕ್ಷ ರೂಪಾಯಿ ದಂಡ ವಸೂಲಾದದ್ದು ದೊಡ್ಡ ಸುದ್ದಿಯಾಯಿತು. ಆದರೆ ಬೆಂಗಳೂರಿಗೆ ಬರುವ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಸೋರಿಕೆ, ಕಳವಿನಲ್ಲಿ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ನಿಮ್ಮ ಹೊಂಗೆ ಗಿಡ ಕುಡಿದದ್ದು ಅದರ ಮುಂದೆ ಎಷ್ಟು? ದೊಡ್ಡ ಬಳಕೆದಾರರಿಗೂ ಮಂಡಳಿ ಹಂತ ಹಂತವಾಗಿ ನೀರು ಕಡಿತ ಮಾಡಿತು, ಒಳ್ಳೆಯದೇ. ಯಾರಿಗೆ ಎಷ್ಟು ಕಡಿತವಾಯಿತು, ಎಷ್ಟು ಉಳಿಯಿತು ಎಂಬುದು ಪ್ರತಿ ವಾರ್ಡಿನ ಜನರಿಗೂ ತಿಳಿಯಬೇಕಲ್ವಾ?

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹಾಗೆ ಮಾಡಿದರು. ಸತತ ಮೂರು ವರ್ಷ ಮಳೆ ಸೋತು, 2018ರ ಫೆಬ್ರವರಿಯಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂತು. ಸ್ನಾನ, ಬಟ್ಟೆ, ಶೌಚ, ಅಡುಗೆ ಎಲ್ಲ ಸೇರಿ ಅಷ್ಟೇ. ಜಲಾಶಯಗಳ ಮಟ್ಟವನ್ನು ನಗರಾಡಳಿತ ವಾರ ವಾರ ಪ್ರಕಟಿಸಿತು. ಮಿತಿಯೊಳಗೆ ಬಳಸಿದ ಮನೆಗಳಿಗೆ ನಕ್ಷೆಯಲ್ಲಿ ಹಸಿರು ಚುಕ್ಕೆ ಇಟ್ಟು ಎಲ್ಲರಿಗೂ ತೋರಿಸಿತು. ದರ ಏರಿಸಿತು, ಪೈಪಿನ ಒತ್ತಡ ತಗ್ಗಿಸಿತು. 2015ಕ್ಕೆ ಹೋಲಿಸಿದರೆ ಊರಿನ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ನಲ್ಲಿಗಳನ್ನೇ ಮುಚ್ಚುವ ದಿನ ಬರಲಿಲ್ಲ. ದಂಡ ಅಲ್ಲೂ ಇತ್ತು. ಆದರೆ ಎಷ್ಟು ನೀರು ಉಳಿದಿದೆ ಎಂಬುದು ಜನರಿಗೂ ಅಧಿಕಾರಿಗಳಷ್ಟೇ ಗೊತ್ತಿತ್ತು. ನಮ್ಮ ಜಲಮಂಡಳಿಯೂ ಪ್ರತಿ ವಾರ್ಡಿಗೆ ಬಂದ ನೀರು, ಸೋರಿದ ನೀರು, ವಸೂಲಾದ ದಂಡ ಇಷ್ಟನ್ನು ವಾರಕ್ಕೊಮ್ಮೆ ಪ್ರಕಟಿಸಲಿ. ಇದು ಆಗದ ಕೆಲಸವೇನಲ್ಲ.

ಇನ್ನು ನಿಮ್ಮ ಗಿಡ. ದಯವಿಟ್ಟು ಅದನ್ನು ಒಣಗಲು ಬಿಡಬೇಡಿ. ಪೈಪ್ ಮಾತ್ರ ಸುತ್ತಿಡಿ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು, ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರು, ಇವನ್ನೆಲ್ಲ ಒಂದು ಬಕೆಟ್‌ಗೆ ಹಿಡಿಯಿರಿ. ಆರ್‌ಒ ನೀರಲ್ಲಿ ಲವಣ ಜಾಸ್ತಿ ಇರುತ್ತದೆ, ದಿನವೂ ಅದನ್ನೇ ಹಾಕಬೇಡಿ, ಬೇರೆ ನೀರಿನೊಂದಿಗೆ ಬೆರೆಸಿ. ಬುಡಕ್ಕೆ ಒಣಗಿದ ಎಲೆ ಹಾಸಿ, ಸಂಜೆ ಹೊತ್ತು ನೀರು ಹಾಕಿದರೆ ತೇವ ಮರುದಿನದವರೆಗೂ ಇರುತ್ತದೆ. ಸಂಪ್ ತುಂಬಿ ರಸ್ತೆಗೆ ಹರಿಯುತ್ತಿದ್ದರೆ ಮೊದಲು ಅದರ ಫ್ಲೋಟ್ ವಾಲ್ವ್ ಬದಲಿಸಿ.

ಎದುರಿನ ಕಟ್ಟಡದವರಿಗೆ ಸಂಸ್ಕರಿಸಿದ ನೀರನ್ನು ಮಂಡಳಿಯೇ ಮಾರುತ್ತದೆ. ಸಾರಣೆಯ ಮೇಲೆ ಗೋಣಿಚೀಲ ಹೊದಿಸಿ ಒದ್ದೆ ಮಾಡಿದರೆ ಕ್ಯೂರಿಂಗ್‌ಗೆ ನೀರೂ ಕಡಿಮೆ ಸಾಕು. ಮೊದಲು ಮೇಸ್ತ್ರಿಯನ್ನೇ ಕೇಳಿ, ಯಾವ ನೀರು ಬಳಸುತ್ತಿದ್ದೀರಿ ಎಂದು. ಕಾವೇರಿ ನೀರೇ ಆಗಿದ್ದರೆ 1916ಕ್ಕೆ ಫೋನ್ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಹದಿನೈದು ದಿನವಾದರೂ ಯಾರೂ ಬರದಿದ್ದರೆ ಆ ಸಂಖ್ಯೆಯನ್ನು ನಮಗೆ ಕಳಿಸಿ. ಮುಂದಿನ ಸಂಚಿಕೆಗೆ ಮೊದಲು ಮಂಡಳಿಯವರನ್ನು ನಾವೇ ಕೇಳುತ್ತೇವೆ.