ಓದುಗರ ಪ್ರಶ್ನೆ: ಹಳೇ ಕಂಪ್ಯೂಟರ್‌ಗಳ ಪ್ರದರ್ಶನ ಇಡುವುದು ಹೇಗೆ?

ಪ್ರಶ್ನೆ: ನಾವು ಆರೇಳು ಮಂದಿ ಹವ್ಯಾಸಿಗಳು ಸೇರಿ ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಒಂದು ಭಾನುವಾರ ಪ್ರದರ್ಶನ ಇಡಬೇಕೆಂದಿದ್ದೇವೆ. ಹದಿನೈದು ಯಂತ್ರ, ಎಲ್ಲಕ್ಕೂ ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್. ಕರೆಂಟಿಗೆ ಏನು ವ್ಯವಸ್ಥೆ ಬೇಕು? (ದಾವಣಗೆರೆಯ ಓದುಗರು)

ಉತ್ತರ: ಯಂತ್ರ ಮತ್ತು 14 ಇಂಚಿನ ಬಣ್ಣದ ಮಾನಿಟರ್ ಸೇರಿ ಮೇಜಿಗೆ 200 ವ್ಯಾಟ್ ಹಿಡಿಯಿರಿ. ಹದಿನೈದಕ್ಕೆ 3,000 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್. ಗೋಡೆಯ ಒಂದು 6 ಆಂಪಿಯರ್ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬಾಕ್ಸ್, ಅದಕ್ಕೆ ಇನ್ನೊಂದು ಬಾಕ್ಸ್ ಅಂತ ಸಿಕ್ಕಿಸುತ್ತಾ ಹೋದರೆ ಮೊದಲ ಪ್ಲಗ್ಗೇ ಕಾದು ಕರಗುತ್ತದೆ. ಐದೈದು ಮೇಜಿನ ಮೂರು ಗುಂಪು ಮಾಡಿ, ಒಂದೊಂದಕ್ಕೆ ಬೇರೆ ಬೇರೆ ಎಂಸಿಬಿಯಿಂದ ಲೈನ್ ಕೊಡಿಸಿ. ಆಗ ಗುಂಪಿಗೆ ನಾಲ್ಕೂವರೆ ಆಂಪಿಯರ್ ದಾಟುವುದಿಲ್ಲ. ಬಣ್ಣದ ಮಾನಿಟರ್ ಆನ್ ಆದ ಕ್ಷಣ ಪರದೆಯ ಬಣ್ಣದ ಕಲೆ ತೆಗೆಯುವ ಒಳಗಿನ ಡೀಗಾಸ್ ಸುರುಳಿ ವಿಪರೀತ ಕರೆಂಟ್ ಎಳೆಯುತ್ತದೆ. ಆದ್ದರಿಂದ ಎಲ್ಲ ಸ್ವಿಚ್ಚನ್ನೂ ಒಟ್ಟಿಗೆ ಹಾಕಬೇಡಿ, ಒಂದೊಂದಾಗಿ ಹಾಕಿ.

ನಿಜವಾದ ಅಪಾಯ ಬೇರೆಯೇ ಇದೆ. ಮಂಟಪಗಳಲ್ಲಿ ಸಾಮಾನ್ಯವಾಗಿ ತ್ರೀ ಫೇಸ್ ಇರುತ್ತದೆ. ನ್ಯೂಟ್ರಲ್ ಸಡಿಲವಾಗಿದ್ದು, ಅಡುಗೆಮನೆಯ ಗ್ರೈಂಡರ್ ಒಂದು ಫೇಸಿನಲ್ಲಿ, ನಿಮ್ಮ ಯಂತ್ರಗಳು ಇನ್ನೊಂದರಲ್ಲಿ ಇದ್ದರೆ ನಿಮ್ಮ ಕಡೆ ವೋಲ್ಟೇಜ್ 300 ದಾಟಬಹುದು. ಹಿಂದಿನ ದಿನ ಎಲೆಕ್ಟ್ರಿಷಿಯನ್ ಜೊತೆ ಹೋಗಿ, ಹಾಲಿನ ದೀಪ, ಫ್ಯಾನು, ಗ್ರೈಂಡರ್ ಎಲ್ಲ ಓಡುತ್ತಿರುವಾಗಲೇ ಸಾಕೆಟ್ಟುಗಳನ್ನು ಮಲ್ಟಿಮೀಟರಿನಲ್ಲಿ ನೋಡಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಸರಿ. ಹತ್ತಿಪ್ಪತ್ತು ತೋರಿಸಿದರೆ ಆ ಲೈನಿಗೆ ಏನನ್ನೂ ಹಾಕಬೇಡಿ. ಕರೆಂಟ್ ಹೋಯಿತೋ, ಎಲ್ಲ ಸ್ವಿಚ್ ಆಫ್ ಮಾಡಿ, ಜನರೇಟರ್ ಸ್ಥಿರವಾದ ಮೇಲೆ ಮತ್ತೆ ಹಾಕಿ. ಜನರೇಟರಿಗೆ ಬದಲಾಗುವ ಆ ಕೆಲವು ಸೆಕೆಂಡುಗಳಲ್ಲೇ ಹಳೇ ಪವರ್ ಸಪ್ಲೈಗಳು ಸಾಯುವುದು.

ಪ್ರಶ್ನೆ: ನಮ್ಮ ಶಾಲೆಯ ಉಗ್ರಾಣದಲ್ಲಿ ಬಿಬಿಸಿ ಮೈಕ್ರೋ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) ಸಿಕ್ಕಿದೆ. ವರ್ಷಗಟ್ಟಲೆ ಮೂಲೆಯಲ್ಲಿತ್ತು. ಪ್ಲಗ್ ಹಾಕಿ ನೋಡಬಹುದೇ? (ಶಿವಮೊಗ್ಗದ ಶಿಕ್ಷಕಿ)

ಉತ್ತರ: ದಯವಿಟ್ಟು ಹಾಕಬೇಡಿ. 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಲ್ಲಿ ನಮ್ಮ ಶಾಲೆಗಳಿಗೆ ಬಂದದ್ದು ಇದೇ ಯಂತ್ರ. ಹಾಗಾಗಿ ಪ್ರದರ್ಶನದಲ್ಲಿ ಜನ ಗುರುತು ಹಿಡಿದು ನಿಲ್ಲುವ ಮೇಜು ಇದೇ ಆಗುತ್ತದೆ. ಕೆಡಿಸಿಕೊಳ್ಳಬೇಡಿ.

ತೊಂದರೆ ಪವರ್ ಸಪ್ಲೈ ಒಳಗಿದೆ. ಮೇನ್ಸ್ ಬರುವ ಜಾಗದಲ್ಲಿ ಹಳದಿ ಬಣ್ಣದ ಪಾರದರ್ಶಕ ಹೊದಿಕೆಯ ಎರಡು ಕೆಪ್ಯಾಸಿಟರ್ ಇರುತ್ತವೆ, 0.1 ಮತ್ತು 0.01 ಮೈಕ್ರೋಫ್ಯಾರಡ್. ಒಳಗೆ ಕಾಗದ. ಕಾಲ ಕಳೆದಂತೆ ಹೊದಿಕೆ ಬಿರುಕು ಬಿಟ್ಟು ತೇವ ಒಳಗೆ ಹೋಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೇ! ಕರೆಂಟ್ ಕೊಟ್ಟ ಹತ್ತು ನಿಮಿಷವೋ ಅರ್ಧ ಗಂಟೆಯೋ ಕಳೆದ ಮೇಲೆ ಢಬ್ ಎಂದು ಒಡೆದು ಹಾಲ್ ತುಂಬ ಗಬ್ಬು ಹೊಗೆ. ಎರಡನ್ನೂ ತೆಗೆದು ಅಷ್ಟೇ ಮೈಕ್ರೋಫ್ಯಾರಡ್‌ನ, ಎಕ್ಸ್2 ದರ್ಜೆಯ (ಮೇನ್ಸ್ ಲೈನಿಗೆಂದೇ ಇರುವ), 275 ವೋಲ್ಟ್ ಎಸಿ ಪಾಲಿಪ್ರೊಪಿಲೀನ್ ಕೆಪ್ಯಾಸಿಟರ್ ಹಾಕಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಟಿವಿ ರಿಪೇರಿ ಬಲ್ಲವರಿಂದಲೇ ಮಾಡಿಸಿ.

ಆಮೇಲೂ ಪವರ್ ಸಪ್ಲೈಯನ್ನು ನೇರವಾಗಿ ಕಂಪ್ಯೂಟರಿನ ಬೋರ್ಡಿಗೆ ಜೋಡಿಸಬೇಡಿ. 5 ವೋಲ್ಟ್ ಲೈನಿಗೆ ಕಾರಿನ 12 ವೋಲ್ಟ್, 21 ವ್ಯಾಟ್ ಬಲ್ಬ್ ಕಟ್ಟಿ. ಅದು ಸುಮಾರು 1 ಆಂಪಿಯರ್ ಎಳೆಯುತ್ತದೆ. ಹಾಗೇ ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ಅಳೆಯಿರಿ. 4.75ರಿಂದ 5.25ರೊಳಗೆ ನಿಂತರೆ ಮಾತ್ರ ಬೋರ್ಡ್ ಜೋಡಿಸಿ.

ಪ್ರಶ್ನೆ: ಸಿಂಕ್ಲೇರ್ ಸ್ಪೆಕ್ಟ್ರಮ್ (ಟಿವಿಗೆ ಜೋಡಿಸುವ 1980ರ ದಶಕದ ಮನೆ ಕಂಪ್ಯೂಟರ್) ಹೊಸ ಟಿವಿಯಲ್ಲಿ ಚಿತ್ರ ಕೊಡುತ್ತಿಲ್ಲ. ಕ್ಯಾಸೆಟ್ ಪ್ಲೇಯರೂ ಹಾಳಾಗಿದೆ. (ಮೈಸೂರಿನ ಓದುಗರು)

ಉತ್ತರ: ಮೊದಲು ಅಡಾಪ್ಟರ್ ನೋಡಿ. ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟ್, 1.4 ಆಂಪಿಯರ್, ಪಿನ್ನಿನ ಒಳಭಾಗ ನೆಗೆಟಿವ್. ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರುಗಳಲ್ಲಿ ಒಳಭಾಗ ಪಾಸಿಟಿವ್. ಹಾಕಿದರೆ ಯಂತ್ರ ಸುಟ್ಟುಹೋಗಬಹುದು.

ಚಿತ್ರ ಯುಎಚ್‌ಎಫ್ 36ನೇ ಚಾನೆಲ್ಲಿನಲ್ಲಿ ಬರುತ್ತದೆ. ಟಿವಿಯಲ್ಲಿ ಅನಲಾಗ್ ಟ್ಯೂನರ್ ಇದ್ದರೆ ಆಟೋ ಸರ್ಚ್ ನಂಬದೆ 591 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೈಯಿಂದ ಹುಡುಕಿ. ಇಲ್ಲದಿದ್ದರೆ ಚಿತ್ರವನ್ನು ಟಿವಿ ಚಾನೆಲ್ ಆಗಿ ಬದಲಿಸುವ ಒಳಗಿನ ಮಾಡ್ಯುಲೇಟರ್ ಬಿಟ್ಟು ಕಾಂಪೋಸಿಟ್ ವಿಡಿಯೋ ನೇರವಾಗಿ ಹೊರತೆಗೆಸಿ, ಟಿವಿಯ ಎವಿ ಇನ್‌ಪುಟ್ಟಿಗೆ ಕೊಡಿ. ಹೊಸ ಟಿವಿಗಳಲ್ಲಿ ಹಳದಿ ಸಾಕೆಟ್ ಬದಲು ಒಂದೇ 3.5 ಮಿ.ಮೀ. ಜ್ಯಾಕ್ ಇರುವುದುಂಟು. ಅದರ ಕೇಬಲ್ಲಿನ ಜೋಡಣೆ ಕಂಪನಿಗೊಂದು ಥರ, ಆ ಟಿವಿಯದೇ ಕೇಬಲ್ ತನ್ನಿ.

ಈ ಯಂತ್ರ ಆಟಗಳನ್ನು ಕ್ಯಾಸೆಟ್ಟಿನ ಶಬ್ದದಿಂದಲೇ ಲೋಡ್ ಮಾಡಿಕೊಳ್ಳುತ್ತದೆ, ಆ ಶಬ್ದ ನುಡಿಸಲು ಫೋನ್ ಸಾಕು. ಹೆಡ್‌ಫೋನ್ ಸಾಕೆಟ್ಟಿನಿಂದ ಯಂತ್ರದ ಇಯರ್ ಸಾಕೆಟ್ಟಿಗೆ ವಯರ್, ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಂದು ಆಟ ಲೋಡ್ ಆಗಲು ಐದು ನಿಮಿಷ ಬೇಕು, ನಾಲ್ಕನೇ ನಿಮಿಷದಲ್ಲಿ ಕರೆ ಬಂದರೆ ಮತ್ತೆ ಮೊದಲಿನಿಂದ.

ಪ್ರಶ್ನೆ: ಹಳೇ 5.25 ಇಂಚಿನ ಫ್ಲಾಪಿಗಳನ್ನು ಪ್ರದರ್ಶನದಲ್ಲಿ ಓಡಿಸಬಹುದೇ? (ಮಂಗಳೂರಿನ ಓದುಗರು)

ಉತ್ತರ: ಫ್ಲಾಪಿಯ ಉದ್ದನೆಯ ಕಿಂಡಿಯಲ್ಲಿ ತಿರುಗಿಸುತ್ತಾ ನೋಡಿ. ಬಿಳಿ ಚುಕ್ಕೆ ಕಂಡರೆ ಬೂಷ್ಟು. ಅಂಥದ್ದನ್ನು ಹಾಕಿದರೆ ಹೆಡ್ಡಿಗೆ ಕೊಳೆ ಮೆತ್ತಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಹೆಡ್ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಕಡ್ಡಿ ಇಟ್ಟುಕೊಳ್ಳಿ. ದಿನವಿಡೀ ಓಡಬೇಕಾದ ಮೇಜಿಗೆ ಮಾತ್ರ ಫ್ಲಾಪಿಯ ಬದಲು ಪೆನ್‌ಡ್ರೈವ್ ಹಾಕುವ ಗೋಟೆಕ್ ಡ್ರೈವೇ ವಾಸಿ.

ಪ್ರಶ್ನೆ: ಮಕ್ಕಳಿಗೆ ಮುಟ್ಟಲು ಬಿಡಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಬಿಡಲೇಬೇಕು. ಗಾಜಿನ ಹಿಂದಿನ ಕಂಪ್ಯೂಟರನ್ನು ಎರಡು ನಿಮಿಷ ಯಾರೂ ನೋಡುವುದಿಲ್ಲ. ಗಟ್ಟಿಯಾದ ಎರಡು ಮೂರು ಯಂತ್ರ ಅದಕ್ಕೆಂದೇ ಇಟ್ಟು, ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ನಾಲ್ಕು ಸಾಲಿನ ಪ್ರೋಗ್ರಾಂ ಬರೆದ ಕಾರ್ಡ್ ಅಂಟಿಸಿ. ಸ್ಪೆಕ್ಟ್ರಮ್‌ನಲ್ಲಿ ಪ್ರಿಂಟ್ ಎಂದು ಅಕ್ಷರ ಅಕ್ಷರ ಒತ್ತುವಂತಿಲ್ಲ, ಪಿ ಒತ್ತಿದರೆ ಇಡೀ ಪದ ಬರುತ್ತದೆ. ಇದನ್ನು ಕಾರ್ಡಿನಲ್ಲಿ ಬರೆಯದಿದ್ದರೆ ಸಂಜೆವರೆಗೂ ಅದನ್ನೇ ಹೇಳುತ್ತಿರಬೇಕು. ಬಿಬಿಸಿ ಮೈಕ್ರೋದ ಕೀಬೋರ್ಡ್ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು. ಅವರು ಬ್ರೇಕ್ ಕೀ ಒತ್ತಿಯೇ ಒತ್ತುತ್ತಾರೆ, ಗಾಬರಿ ಬೇಡ. ಓಲ್ಡ್ ಎಂದು ಟೈಪ್ ಮಾಡಿ ರಿಟರ್ನ್ ಒತ್ತಿದರೆ ಪ್ರೋಗ್ರಾಂ ವಾಪಸ್ ಬರುತ್ತದೆ.