ಬೀದಿಯ ಉಪದ್ರವ: ದೂರು ಕೊಡುವ ಮೊದಲು ಒಂದು ನೋಟ್‌ಬುಕ್

ರಾತ್ರಿ ಮನೆಯೆದುರು ಹುಡುಗರು ಗುಂಪುಗೂಡುತ್ತಾರೆ, ಇದು ಸಮಾಜವಿರೋಧಿ ವರ್ತನೆಯೇ, ದೂರು ಕೊಟ್ಟರೆ ನಮ್ಮ ಹೆಸರು ಬಯಲಾಗುತ್ತದೆಯೇ ಎಂದು ನೀವು ಕೇಳಿದ್ದೀರಿ. ಬರೀ ಗುಂಪುಗೂಡುವುದಾದರೆ ದೂರಿಗೆ ವಿಷಯವೇ ಇಲ್ಲ. ಅಲ್ಲಿ ನಿಂತು ಅವರು ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಪತ್ರಿಕೆಗಳು ಬಳಸುವ ‘ಸಮಾಜಘಾತುಕ’ ಎಂಬ ಭಾರಿ ಪದ ಮನಸ್ಸಿನಲ್ಲಿದ್ದರೆ ಸಣ್ಣ ಉಪದ್ರವ ಕಣ್ಣಿಗೆ ಬೀಳುವುದಿಲ್ಲ, ಇಲ್ಲವೇ ನಿರುಪದ್ರವಿಗಳೆಲ್ಲ ಪುಂಡರಂತೆ ಕಾಣುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1998ರ ಕಾಯ್ದೆಯೊಂದು ಕೊಟ್ಟ ವಿವರಣೆ ನನಗೆ ಹೆಚ್ಚು ಉಪಯುಕ್ತವೆನಿಸಿದೆ: ತನ್ನ ಮನೆಯವರಲ್ಲದ ಒಬ್ಬರಿಗಾದರೂ ಕಿರುಕುಳ, ಭೀತಿ ಅಥವಾ ಮನೋವ್ಯಥೆ ಉಂಟುಮಾಡಿದ, ಇಲ್ಲವೇ ಉಂಟುಮಾಡುವ ಸಂಭವವಿದ್ದ ನಡತೆ. ಮಕ್ಕಳ ಆಟದ ಗದ್ದಲ, ಕೂಸಿನ ಅಳು, ನಮಗೆ ಒಗ್ಗದ ಉಡುಗೆ ಇವು ಯಾವುವೂ ಇದರಲ್ಲಿ ಸೇರುವುದಿಲ್ಲ.

ನಾನು ಕೊಟ್ಟ ಮೊದಲ ದೂರು ನೆಲಕಚ್ಚಿತ್ತು. ‘ಮೇಲಿನ ಮನೆಯವರು ದಿನಾ ಗಲಾಟೆ ಮಾಡುತ್ತಾರೆ, ಸಂಸ್ಕಾರವಿಲ್ಲದ ಜನ’ ಎಂದು ಬರೆದುಕೊಟ್ಟಿದ್ದೆ. ಅದನ್ನು ಓದಿದ ಅಧಿಕಾರಿ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡೆ. ‘ಮಂಗಳವಾರ, ರಾತ್ರಿ 11.40ರಿಂದ 1.15, ಕಿಟಕಿ ಮುಚ್ಚಿದ್ದರೂ ಹಾಡಿನ ಸಾಲುಗಳು ಸ್ಪಷ್ಟವಾಗಿ ಕೇಳಿದವು, ಮಗು ಎರಡು ಸಲ ಎದ್ದಿತು’ ಎಂಬಂತಹ ಟಿಪ್ಪಣಿಗಳನ್ನು ಆಗಿಂದಾಗಲೇ ಬರೆಯುತ್ತಿದ್ದೆ. ಮೂರು ವಾರ ಹೀಗೆ ಬರೆದ ಮೇಲೆ ತಿಳಿದದ್ದೇನೆಂದರೆ, ಅವರ ತಲೆಗೆ ನಾನು ಕಟ್ಟಿದ್ದ ಎರಡು ರಾತ್ರಿಗಳ ಸದ್ದು ಬಂದದ್ದು ಹಿಂದಿನ ಮನೆಯಿಂದ. ದೂರು ಬಲವಾಗುವುದಕ್ಕಿಂತ ಮೊದಲು ಆ ನೋಟ್‌ಬುಕ್ ನನ್ನನ್ನೇ ತಿದ್ದಿತು.

ಯಾರಿಗಾದರೂ ಆ ಕ್ಷಣವೇ ಅಪಾಯವಿದ್ದರೆ ಬರೆಯುತ್ತ ಕೂರದೆ ತುರ್ತು ಸಂಖ್ಯೆಗೆ ಕರೆ ಮಾಡಿ. ಬೆದರಿಕೆ ಅಥವಾ ಆಸ್ತಿಗೆ ಹಾನಿಯಾಗಿದ್ದರೆ ಪೊಲೀಸರಿಗೂ, ಕಸ ಮತ್ತು ಸದ್ದಿನ ತಕರಾರಾದರೆ ಸಾಮಾನ್ಯವಾಗಿ ಸ್ಥಳೀಯ ಆಡಳಿತಕ್ಕೂ ದೂರು ಕೊಡಬೇಕು. ಪ್ರತಿ ಸಲವೂ ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಇಂಗ್ಲೆಂಡಿನಲ್ಲಿ 2014ರ ಕಾಯ್ದೆಯ ಪ್ರಕಾರ, ನಿಗದಿತ ಸಂಖ್ಯೆಯಷ್ಟು, ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ದೂರು ಕೊಟ್ಟವರು ಪ್ರಕರಣದ ಪುನರ್‌ಪರಿಶೀಲನೆ ಕೇಳಬಹುದು. ಅಲ್ಲಿ ಲೆಕ್ಕಕ್ಕೆ ಬರುವುದು ದಾಖಲಾದ ದೂರುಗಳೇ.

ಇನ್ನು ಹೆಸರಿನ ಮಾತು. ಹೆಸರಿಲ್ಲದೆ ದೂರು ಕೊಡುವುದು ಒಂದು, ಹೆಸರು ಕೊಟ್ಟು ಅದನ್ನು ಗೋಪ್ಯವಾಗಿಡಿ ಎಂದು ಕೇಳುವುದು ಇನ್ನೊಂದು. ಅನಾಮಧೇಯ ದೂರಿನ ತೊಡಕೆಂದರೆ ಹೆಚ್ಚಿನ ವಿವರ ಕೇಳಲು ಅಧಿಕಾರಿಗೆ ಯಾರೂ ಸಿಗುವುದಿಲ್ಲ. ಅದಲ್ಲದೆ ಆ ಜಾಗ ನಿಮ್ಮ ಕಿಟಕಿಯೊಂದರಿಂದಲೇ ಕಾಣುವಂತಿದ್ದರೆ ಹೆಸರು ಬರೆಯದಿದ್ದರೂ ದೂರು ಕೊಟ್ಟವರು ಯಾರೆಂದು ಊಹಿಸುವುದು ಕಷ್ಟವಲ್ಲ. ಆದ್ದರಿಂದ ತೊಂದರೆಗೊಳಗಾದ ಅಕ್ಕಪಕ್ಕದವರು ತಾವು ಕಂಡದ್ದನ್ನು ತಮ್ಮ ಮಾತಿನಲ್ಲೇ ಬೇರೆ ಬೇರೆಯಾಗಿ ಬರೆದುಕೊಟ್ಟರೆ ಒಳ್ಳೆಯದು. ಒಂದೇ ಅರ್ಜಿಗೆ ಇಪ್ಪತ್ತು ಸಹಿ ಹಾಕಿಸುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಸಾಕ್ಷ್ಯ ಬೇಕೆಂದು ಮೊಬೈಲ್ ಹಿಡಿದು ಕೆಳಗಿಳಿದು ಅವರ ಮುಂದೆ ನಿಲ್ಲುವ ಸಾಹಸವಂತೂ ಬೇಡ.

ನನ್ನ ಎರಡನೆಯ ದೂರಿನ ಮೇಲೆ ಅಧಿಕಾರಿ ಎರಡು ಸಲ ಬಂದು ಮೇಲಿನ ಮನೆಯವರೊಡನೆ ಮಾತನಾಡಿದರು, ಹಾಡಿನ ಸದ್ದು ತಗ್ಗಿತು. ನಮ್ಮ ಗೋಡೆಗೆ ಬಾಟಲಿ ಎಸೆಯುತ್ತಿದ್ದವರು ಯಾರೆಂಬುದು ಮಾತ್ರ ಇಂದಿಗೂ ತಿಳಿದಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನಗಳ ಮುಂದೆ ‘ಯಾರನ್ನೂ ನೋಡಲಿಲ್ಲ’ ಎಂದೇ ಇದೆ.